ತಪ್ಪು 46ನೇ ಸಾಲಿನಲ್ಲಿ, ಬಾಣ 47ನೇ ಸಾಲಿನ ಸರಿಯಾದ ಅಕ್ಷರದ ಕೆಳಗೆ. ಯಾಕೆ ಹೀಗೆ?

ಅಚ್ಚುಮೊಳೆ:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೋಗ್ರಾಮರ್ ಅಲ್ಲ. ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಮೂವತ್ತು ವರ್ಷದ ಹಿಂದೆ ಅಚ್ಚುಮೊಳೆ ಜೋಡಿಸುವ ಹುಡುಗನಾಗಿ ಸೇರಿದ್ದೆ. ಮೊಳೆ ಹೋಗಿ ಡಿಟಿಪಿ ಬಂತು, ಪೇಜ್‌ಮೇಕರ್ ಬಂತು, ನುಡಿ ಬಂತು, ಈಗ ಯೂನಿಕೋಡ್. ಪ್ರೂಫ್ ನೋಡುವ ಕೆಲಸ ಮಾತ್ರ ನನ್ನ ಹೆಗಲಿನಿಂದ ಇಳಿದಿಲ್ಲ.

ನಮ್ಮಲ್ಲಿಗೆ ಬರುವುದು ಲಗ್ನಪತ್ರಿಕೆ, ಗೃಹಪ್ರವೇಶ, ಪುಣ್ಯತಿಥಿ, ಜಾತ್ರೆಯ ಕರಪತ್ರ. ಮ್ಯಾಟರ್ ಎಲ್ಲ ವಾಟ್ಸಾಪಿನಲ್ಲೇ ಬರುತ್ತದೆ. ಅದರಲ್ಲಿರುವ ತಪ್ಪುಗಳೇನೂ ದಿನಕ್ಕೊಂದು ಹೊಸವಲ್ಲ. ಆಶೀರ್ವಾದ ಎಂಬಲ್ಲಿ ಆರ್ಶಿವಾದ, ಶುಭ ಎಂಬಲ್ಲಿ ಶುಬ, ಪತ್ರಿಕೆ ಎಂಬಲ್ಲಿ ಪತ್ರೀಕೆ. ಅವೇ ಅರವತ್ತು ಎಪ್ಪತ್ತು ಪದ ಮತ್ತೆ ಮತ್ತೆ. ದೀಪಾವಳಿಗೆ ಬಂದಿದ್ದ ಅಕ್ಕನ ಮಗ (ಇಂಜಿನಿಯರಿಂಗ್ ಓದುತ್ತಾನೆ) ಇದನ್ನು ನೋಡಿ, "ಮಾಮಾ, ಪೈಥಾನ್‌ದಾಗ ಹತ್ತು ಸಾಲಿನ ಕೆಲಸ ಇದು" ಅಂದ. ಅಂದವನೇ ಮಾಡಿಯೂ ಕೊಟ್ಟ. (ಪೈಥಾನ್ ಎಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ.) ಎಡಗಡೆ ತಪ್ಪು ಪದ, ಬಲಗಡೆ ಸರಿ ಪದ, ಹೀಗೆ ಒಂದು ಪಟ್ಟಿ. ಪಟ್ಟಿ ಬೆಳೆಸುವುದು ನನ್ನ ಪಾಲು.

ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದೆ, ಹಳೆಯ ಪೇಜ್‌ಮೇಕರ್ ಫೈಲುಗಳಿಗಾಗಿ ಅದನ್ನು ಬಿಡುವ ಹಾಗಿಲ್ಲ. ಅದಕ್ಕೆ ಹೊಂದುವುದು ಪೈಥಾನ್ 3.8 ಎಂದು ಹುಡುಗ ಅದನ್ನೇ ಹಾಕಿಕೊಟ್ಟಿದ್ದಾನೆ.

ಮೊನ್ನೆ ಹತ್ತು ಹೊಸ ಪದ ಸೇರಿಸಿ ಓಡಿಸಿದೆ. 47ನೇ ಸಾಲು ಎಂದು ಹೇಳಿ, ಹೀಗೆ ತೋರಿಸಿತು:

    "ಶುಬವಿವಾಹ": "ಶುಭವಿವಾಹ",
              ^
ಸಿಂಟ್ಯಾಕ್ಸ್‌ಎರರ್: ಇನ್‌ವ್ಯಾಲಿಡ್ ಸಿಂಟ್ಯಾಕ್ಸ್

ನಿಮ್ಮ ತೆರೆಯಲ್ಲಿ ಆ ಬಾಣ ಎಲ್ಲಿ ಕಾಣುತ್ತದೋ ಗೊತ್ತಿಲ್ಲ. ನನ್ನ ತೆರೆಯಲ್ಲಿ ಅದು ಬಲಗಡೆಯ ಪದದ 'ಶು' ಅಕ್ಷರದ ನೇರ ಕೆಳಗೆ ನಿಂತಿತ್ತು. ಅಂದರೆ ಸರಿ ಪದದ ಮೊದಲಕ್ಷರ.

ಪ್ರೂಫ್ ನೋಡುವವನಿಗೆ ಅಕ್ಷರದ ಕೆಳಗೆ ಗುರುತು ಕಂಡರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆ ಅಕ್ಷರವನ್ನೇ ಹಿಡಿದುಕೊಂಡು ಕೂತೆ. ಅಳಿಸಿ ನಾಲ್ಕು ಸಲ ಟೈಪ್ ಮಾಡಿದೆ. ಶಕಾರಕ್ಕೆ ಕೊಂಬು ಸರಿಯಾಗಿ ಕೂತಿಲ್ಲವೇನೋ ಎಂದು ಫಾಂಟ್ ಬದಲಿಸಿದೆ. ನಗಬೇಡಿ, ನಿಘಂಟು ಕೂಡ ತೆಗೆದೆ. ಕೊನೆಗೆ ಸಿಟ್ಟು ಬಂದು 47ನೇ ಸಾಲನ್ನೇ ಅಳಿಸಿಬಿಟ್ಟೆ. ಕೆಳಗಿನ ಸಾಲು ಮೇಲೇರಿ 47 ಆಯಿತು, ದೋಷವೂ 47ರಲ್ಲೇ ಉಳಿಯಿತು, ಬಾಣ ಈಗ ಬೇರೊಂದು ಪದದ ಕೆಳಗೆ. ಅದನ್ನೂ ಅಳಿಸಿದೆ. ಹೀಗೆ ಮೂರು ನಿರಪರಾಧಿ ಸಾಲುಗಳು ಹೋದ ಮೇಲೆ ಹುಡುಗನಿಗೆ ಫೋನ್ ಮಾಡಿದೆ. "ಮ್ಯಾಲಿನ ಸಾಲು ನೋಡು ಮಾಮಾ" ಅಂದ. ಮೇಲೆ ಇದ್ದದ್ದು ಇದು:

    "ಆರ್ಶಿವಾದ": "ಆಶೀರ್ವಾದ"

ಕೊನೆಯಲ್ಲಿ ಅಲ್ಪವಿರಾಮ ಇಲ್ಲ. ಅಷ್ಟೇ. ಒಂದು ಅಲ್ಪವಿರಾಮಕ್ಕೆ ಒಂದೂವರೆ ಗಂಟೆ.

ತಪ್ಪು ನನ್ನದೇ, ಒಪ್ಪಿದೆ. ಆದರೆ ನನ್ನ ತಕರಾರು ಬೇರೆ. ನಾವು ಪ್ರೂಫಿನಲ್ಲಿ ಗುರುತು ಹಾಕುವಾಗ ಅಕ್ಷರದ ಮೇಲೇ ಹಾಕುತ್ತೇವೆ. ಎಲ್ಲಿ ತಪ್ಪಿದೆ ಎಂದು ಖಾತ್ರಿ ಇಲ್ಲದಿದ್ದರೆ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುತ್ತೇವೆ. ನಾನು ಒಂದು ಸಾಲು ಕೆಳಗೆ, ಸರಿಯಾದ ಅಕ್ಷರದ ಮೇಲೆ ಗುರುತು ಹಾಕಿ ಕಳಿಸಿದ್ದರೆ ನಮ್ಮ ಹಳೆಯ ಕಂಪೋಸಿಟರ್ ಕೈಯಲ್ಲಿದ್ದ ಮೊಳೆ ಜೋಡಿಸುವ ಸ್ಟಿಕ್ಕನ್ನೇ ನನ್ನ ಮೇಲೆ ಎಸೆಯುತ್ತಿದ್ದರು. ಈ ಯಂತ್ರಕ್ಕೆ ಖಾತ್ರಿ ಇಲ್ಲದಿದ್ದರೆ ಅಷ್ಟು ಕರಾರುವಾಕ್ಕಾಗಿ ಒಂದೇ ಅಕ್ಷರದ ಕೆಳಗೆ ಬಾಣ ಯಾಕೆ ನಿಲ್ಲಿಸಬೇಕು?

ಕೇಳುವುದು ಎರಡೇ. 46ರ ತಪ್ಪಿಗೆ 47 ಯಾಕೆ? ಮತ್ತು 47ರಲ್ಲಾದರೂ ಆ 'ಶು' ಏನು ಪಾಪ ಮಾಡಿತ್ತು?


ಹಳ್ಳಿಮನೆ:

ಸಿಂಟ್ಯಾಕ್ಸ್ ಎರರ್ (ಬರೆಯುವ ನಿಯಮ ತಪ್ಪಿದ ದೋಷ) ಬಂದರೆ ಮೊದಲು ಮೇಲಿನ ಸಾಲು ನೋಡಿ, ಆಮೇಲೆ ಬಾಣ ನೋಡಿ. ಹನ್ನೆರಡು ವರ್ಷದಿಂದ ನಾನು ಇಷ್ಟೇ ಮಾಡುತ್ತಿರುವುದು. ಕಾರಣ ಗೊತ್ತಿಲ್ಲ, ಕೆಲಸ ನಡೆಯುತ್ತದೆ.


ಪದಚ್ಛೇದ:

ಅಚ್ಚುಮೊಳೆಯವರೇ, ನಿಮಗೆ ಗೊತ್ತಿಲ್ಲದೆಯೇ ಎರಡು ಬೇರೆ ಬೇರೆ ತೊಂದರೆಗಳನ್ನು ಸರಿಯಾಗಿ ಬಿಡಿಸಿ ಕೇಳಿದ್ದೀರಿ. ಸಾಲು ತಪ್ಪಿದ್ದಕ್ಕೆ ಒಂದು ಕಾರಣ, ಅಕ್ಷರ ತಪ್ಪಿದ್ದಕ್ಕೆ ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ. ನಾನು ಕಂಪೈಲರ್ (ಪ್ರೋಗ್ರಾಮನ್ನು ಓದಿ ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಕೆಲಸದವನು, ಮೊದಲನೆಯದನ್ನು ಹೇಳುತ್ತೇನೆ.

ಈ ವಾಕ್ಯವನ್ನು ಒಂದೊಂದೇ ಪದವಾಗಿ, ಮುಂದಿನದನ್ನು ಕೈಯಿಂದ ಮುಚ್ಚಿಕೊಂಡು ಓದಿ: ರಾಮ ಬಂದ ಹುಡುಗಿ ನಕ್ಕಳು.

ಬರೆದವನು ಬರೆಯಬೇಕೆಂದಿದ್ದದ್ದು "ರಾಮ ಬಂದ. ಹುಡುಗಿ ನಕ್ಕಳು." 'ಬಂದ' ಆದ ಮೇಲೆ ಪೂರ್ಣವಿರಾಮ ಬಿಟ್ಟಿದ್ದಾನೆ. ನೀವು ಓದುತ್ತಾ ಹೋದಾಗ 'ಹುಡುಗಿ' ಹತ್ತಿರ ತಡೆಯುವುದಿಲ್ಲ, ಯಾಕೆಂದರೆ 'ಬಂದ ಹುಡುಗಿ' ಎಂಬುದು ಒಳ್ಳೆಯ ಕನ್ನಡ. 'ನಕ್ಕಳು' ಬಂದಾಗ ಮಾತ್ರ, ಅರೆ, ರಾಮ ಏನಾದ, ಎನಿಸುತ್ತದೆ. ತಪ್ಪು ಆದದ್ದು ಒಂದು ಕಡೆ, ನೀವು ಎಡವಿದ್ದು ಎರಡು ಪದ ಆಚೆ. ಎಡವಿದ ಜಾಗಕ್ಕೆ ಗುರುತು ಹಾಕು ಎಂದರೆ ಎಲ್ಲಿ ಹಾಕುತ್ತೀರಿ?

ಪೈಥಾನ್ ನಿಮ್ಮ ಪಟ್ಟಿಯನ್ನು ಓದಿದ್ದು ಹೀಗೆಯೇ. ಉದ್ಧರಣ ಚಿಹ್ನೆಯೊಳಗಿನ ಎರಡು ಪದಗಳು ನಡುವೆ ಏನೂ ಇಲ್ಲದೆ ಅಕ್ಕಪಕ್ಕ ಬಂದರೆ ಪೈಥಾನ್ ಅವೆರಡನ್ನೂ ಅಂಟಿಸಿ ಒಂದೇ ಮಾಡುತ್ತದೆ. ಸಿ ಭಾಷೆಯಿಂದ ಬಂದ ರೂಢಿ. ಹಾಗಾಗಿ "ಆಶೀರ್ವಾದ" ಮುಗಿದು ಸಾಲು ಬದಲಾಗಿ "ಶುಬವಿವಾಹ" ಬಂದಾಗ ಅದಕ್ಕೆ ತಪ್ಪೇನೂ ಕಾಣಲಿಲ್ಲ. ಬಲಗಡೆಯ ಪದ "ಆಶೀರ್ವಾದಶುಬವಿವಾಹ" ಎಂದು ಅಂದುಕೊಂಡಿತು. ಪಟ್ಟಿಯ ಆವರಣದೊಳಗೆ ಸಾಲು ಬದಲಾದದ್ದಕ್ಕೆ ಅದು ಬೆಲೆ ಕೊಡುವುದೂ ಇಲ್ಲ. ಅದರ ಮುಂದಿನ ಎರಡು ಚುಕ್ಕಿ (:) ಬಂದಾಗಲೇ ದಾರಿ ಮುಚ್ಚಿದ್ದು. ಅಂದರೆ ಯಂತ್ರ ಎಡವಿದ್ದು ನಿಜವಾಗಿಯೂ 47ನೇ ಸಾಲಿನಲ್ಲಿ, ಆ ಎರಡು ಚುಕ್ಕಿಯ ಹತ್ತಿರ. ಸಾಲು ಅಳಿಸುತ್ತಾ ಹೋದರೂ ದೋಷ 47ರಲ್ಲೇ ಉಳಿದದ್ದು ಇದಕ್ಕೇ. 46 ಹಾಗೆಯೇ ಬಾಯಿ ತೆರೆದು ಕೂತಿತ್ತು, ಕೆಳಗೆ ಯಾರು ಬಂದರೂ ಅಂಟಿಸಿಕೊಳ್ಳುತ್ತಿತ್ತು.

ನಿಮಗೆ ಎರರ್ ಆದರೂ ಬಂತು, ಅದೃಷ್ಟ. ಬರೀ ಪದಗಳ ಪಟ್ಟಿಯಾಗಿದ್ದರೆ, ನಡುವೆ ಎರಡು ಚುಕ್ಕಿ ಇಲ್ಲದಿದ್ದರೆ, ಸದ್ದೇ ಇಲ್ಲದೆ ಎರಡು ಪದ ಒಂದಾಗಿ ಪಟ್ಟಿಯಲ್ಲಿ ಒಂದು ಪದ ಕಡಿಮೆಯಾಗುತ್ತಿತ್ತು. ಪೈಥಾನ್ ಮಾಡಿದ ಗೈಡೊ ವ್ಯಾನ್ ರಾಸಮ್ ಅವರೇ ಇದರ ಗುಂಡಿಗೆ ಬಿದ್ದವರು. ಅಲ್ಪವಿರಾಮ ಬಿಟ್ಟುಹೋಗಿ, ಕೊಟ್ಟ ಮೌಲ್ಯಗಳ ಸಂಖ್ಯೆ ಸರಿಯಿಲ್ಲ ಎಂಬ ಅರ್ಥವಾಗದ ಎರರ್ ಬಂದು ತಲೆ ಕೆರೆದುಕೊಂಡ ಮೇಲೆ, 2013ರಲ್ಲಿ ಈ ಅಂಟಿಸುವ ರೂಢಿಯನ್ನೇ ತೆಗೆಯೋಣವೇ ಎಂದು ಚರ್ಚೆಗೆ ಇಟ್ಟಿದ್ದರು. ತೆಗೆಯಲಿಲ್ಲ. ಅದನ್ನೇ ನಂಬಿ ಬರೆದ ಪ್ರೋಗ್ರಾಮುಗಳು ಅಷ್ಟಿದ್ದವು.

ಹೊಸ ಆವೃತ್ತಿಗಳಲ್ಲಿ ಕೆಲವು ಸುಧಾರಿಸಿವೆ. 3.9ರಲ್ಲಿ ಪಾರ್ಸರನ್ನೇ (ಪ್ರೋಗ್ರಾಮಿನ ವಾಕ್ಯರಚನೆ ಓದುವ ಭಾಗ) ಬದಲಿಸಿದರು. 2021ರ 3.10ರಲ್ಲಿ ಅದರ ಫಲ ಕಾಣಿಸಿತು. ಆವರಣ ಮುಚ್ಚಲು ಮರೆತರೆ 3.8 ಮುಂದಿನ ಯಾವುದೋ ಸಾಲಿನಲ್ಲಿ ಎಡವಿ ಅಲ್ಲೇ ಬಾಣ ನೆಡುತ್ತದೆ. 3.10 ಹಿಂದಕ್ಕೆ ಹೋಗಿ, ಈ ಆವರಣವನ್ನು ತೆರೆದಿದ್ದೀರಿ, ಮುಚ್ಚಲೇ ಇಲ್ಲ ಎಂದು ತೆರೆದ ಆವರಣದ ಕೆಳಗೆ ಬಾಣ ಇಡುತ್ತದೆ. ಆದರೆ ನಿಮ್ಮ ಉದಾಹರಣೆಯಲ್ಲಿ ಹೊಸ ಪೈಥಾನ್ ಕೂಡ ಎರಡು ಚುಕ್ಕಿಯನ್ನೇ ತೋರಿಸುತ್ತದೆ. ಅಂಟಿಸುವುದು ಕಾನೂನುಬದ್ಧ, ಹಾಗಾಗಿ ಹಿಂದೆ ನೋಡಲು ಅದಕ್ಕೆ ನೆಪ ಇಲ್ಲ.

ಇನ್ನು 'ಶು' ಕಥೆ. ಬಾಣ ಎರಡು ಚುಕ್ಕಿಯ ಕೆಳಗೆ ಇರಬೇಕಿತ್ತು, ಮೂರು ಮನೆ (ಮನೆ ಎಂದರೆ ತೆರೆಯಲ್ಲಿ ಒಂದು ಅಕ್ಷರ ಕೂರುವ ಜಾಗ) ಬಲಕ್ಕೆ ಜಾರಿದೆ. ಅದನ್ನು ಹೇಳಬೇಕಾದವರು ಬೇರೆ ಇದ್ದಾರೆ. ಗುಣಿತ ಅವರೇ, ಇದ್ದೀರಾ?


ಅಚ್ಚುಮೊಳೆ:

ಪದಚ್ಛೇದ ಅವರೇ, 'ರಾಮ ಬಂದ ಹುಡುಗಿ' ಓದಿ ಪ್ರೆಸ್ಸಿನಲ್ಲಿ ಒಬ್ಬನೇ ನಕ್ಕೆ. ಮಷಿನ್ ಹುಡುಗ ತಿರುಗಿ ನೋಡಿದ.

ಆದರೂ ಬಿಡುವುದಿಲ್ಲ. ಆ ವಾಕ್ಯ ನನ್ನ ಕೈಗೆ ಬಂದರೆ 'ನಕ್ಕಳು' ಮೇಲೆ ಗುರುತು ಹಾಕುವುದಿಲ್ಲ. ಎಡವಿದ್ದು ಅಲ್ಲೇ, ನಿಜ. ಎಡವಿದ ಮೇಲೆ ಕಣ್ಣು ಹಿಂದಕ್ಕೆ ಹೋಗುತ್ತದೆ, ವಾಕ್ಯದ ಮೊದಲಿನಿಂದ ಇನ್ನೊಮ್ಮೆ ಬರುತ್ತದೆ, ಆಮೇಲೆ ಪೆನ್ನು ಕೆಳಗಿಳಿಯುತ್ತದೆ. ಪ್ರೂಫ್ ನೋಡುವವನಿಗೆ ಸಂಬಳ ಕೊಡುವುದು ಎಡವಿದ್ದಕ್ಕಲ್ಲ, ಹಿಂದೆ ಹೋಗಿ ಬಂದದ್ದಕ್ಕೆ.


ಗುಣಿತ:

ಇದ್ದೇನೆ. ಈ ಜಾರುವ ಬಾಣದ ಜೊತೆ ನನಗೆ ಹಳೆಯ ಹಗೆ ಇದೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನೀವು "ಶುಬವಿವಾಹ" ಎಂದು ನೋಡಿದಾಗ ಎಷ್ಟು ಅಕ್ಷರ ಎಣಿಸುತ್ತೀರಿ? ಶು, ಬ, ವಿ, ವಾ, ಹ. ಐದು. ಕಂಪ್ಯೂಟರ್ ಎಂಟು ಎಣಿಸುತ್ತದೆ. ಶ, ಕೊಂಬು, ಬ, ವ, ಗುಡಿಸು, ವ, ಇಳಿ, ಹ. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆಗಳಿಗೆ ಪ್ರತ್ಯೇಕ ಸಂಕೇತ. ನೀವು ಮೊಳೆ ಜೋಡಿಸಿದವರು, ನಿಮಗೆ ಇದು ಹೊಸದಲ್ಲ. ಒತ್ತು ಬೇರೆ ಮೊಳೆಯಾಗಿ ಪೆಟ್ಟಿಗೆಯ ಬೇರೆ ಮನೆಯಲ್ಲಿ ಇರುತ್ತಿತ್ತಲ್ಲ, ಹಾಗೆ.

ಈಗ ಲೆಕ್ಕ ಹಾಕಿ. ಸಾಲಿನ ಆರಂಭದಲ್ಲಿ 4 ಖಾಲಿ ಜಾಗ, 1 ಉದ್ಧರಣ ಚಿಹ್ನೆ, 8 ಸಂಕೇತ, ಮತ್ತೆ 1 ಉದ್ಧರಣ. ಒಟ್ಟು 14. ಎರಡು ಚುಕ್ಕಿ ಹದಿನೈದನೆಯದು. ಪೈಥಾನ್ ಕೆಳಗಿನ ಸಾಲಿನಲ್ಲಿ 14 ಖಾಲಿ ಜಾಗ ಬಿಟ್ಟು ಬಾಣ ಹಾಕಿತು. ಅದರ ಎಣಿಕೆ ಸರಿಯೇ. ಆದರೆ ನಿಮ್ಮ ತೆರೆ ಆ ಎಂಟು ಸಂಕೇತಗಳನ್ನು ಐದೇ ಮನೆಯಲ್ಲಿ ಕೂರಿಸಿತ್ತು. ಅಲ್ಲಿ ಎರಡು ಚುಕ್ಕಿ ಹನ್ನೆರಡನೇ ಮನೆ, ಖಾಲಿ ಜಾಗ ಹದಿಮೂರು, ಉದ್ಧರಣ ಹದಿನಾಲ್ಕು, ಹದಿನೈದನೇ ಮನೆಯಲ್ಲಿ ನಿಮ್ಮ 'ಶು'. ಅದು ಮಾಡಿದ ಪಾಪ ಇಷ್ಟೇ, ಹದಿನೈದನೇ ಮನೆಯಲ್ಲಿ ಕೂತಿತ್ತು.

ಇಲ್ಲಿ ಅಳತೆಗೋಲುಗಳು ಒಂದಲ್ಲ. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮಗೆ ಮೂರಕ್ಷರ. ಯೂನಿಕೋಡ್ ಸಂಕೇತ 5. ಯುಟಿಎಫ್-8 (ಫೈಲಿನಲ್ಲಿ ಸಂಕೇತಗಳನ್ನು ಉಳಿಸುವ ಒಂದು ರೀತಿ) ಬೈಟುಗಳಲ್ಲಿ 15, ಯಾಕೆಂದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ದೋಷದ ಜಾಗವನ್ನು ಒಬ್ಬರು ಬೈಟಿನಲ್ಲಿ ಎಣಿಸಿ, ಇನ್ನೊಬ್ಬರು ಅದನ್ನು ಸಂಕೇತ ಎಂದು ಓದಿಕೊಂಡು, ಮೂರನೆಯವರು ಮನೆ ಎಂದು ಚಿತ್ರಿಸಿದರೆ ಬಾಣ ಊರಾಚೆ ಹೋಗಿ ನಿಲ್ಲುತ್ತದೆ. ನಿಮ್ಮದನ್ನೇ ಬೈಟಿನಲ್ಲಿ ಎಣಿಸಿದ್ದರೆ ಎರಡು ಚುಕ್ಕಿ 31ನೆಯದಾಗುತ್ತಿತ್ತು, ಬಾಣ ಸಾಲು ಮುಗಿದ ಮೇಲೂ ಮುಂದೆ. ಜಿಸಿಸಿ ಎಂಬ ಸಿ ಕಂಪೈಲರ್ ಬಹಳ ಕಾಲ ಕಾಲಂ ಸಂಖ್ಯೆಯನ್ನು ಬೈಟಿನಲ್ಲೇ ಹೇಳುತ್ತಿತ್ತು. 11ನೇ ಆವೃತ್ತಿಯಿಂದ ತೆರೆಯ ಮನೆಗಳ ಲೆಕ್ಕಕ್ಕೆ ಬಂದಿದೆ, ಬೈಟೇ ಬೇಕೆಂದವರು ಆಯ್ಕೆ ಬದಲಿಸಿಕೊಳ್ಳಬಹುದು. ಎಡಿಟರ್‌ಗಳು ಭಾಷಾ ಸರ್ವರ್ (ಬರೆಯುತ್ತಿರುವಾಗಲೇ ತಪ್ಪು ಹುಡುಕಿಕೊಡುವ ತಂತ್ರಾಂಶ) ಜೊತೆ ಮಾತಾಡುವ ಒಪ್ಪಂದದಲ್ಲಿ ಇನ್ನೊಂದು ಅಳತೆ, ಯುಟಿಎಫ್-16. ಅದರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ, ನಮ್ಮ ಪುಣ್ಯ. ಹೆಚ್ಚಿನ ಎಮೋಜಿಗಳಿಗೆ ಎರಡು. 2022ರಲ್ಲಿ ಬಂದ ಆ ಒಪ್ಪಂದದ 3.17ನೇ ಆವೃತ್ತಿಯಿಂದ ಯಾವ ಅಳತೆ ಎಂದು ಎರಡೂ ಕಡೆಯವರು ಮೊದಲೇ ಮಾತಾಡಿಕೊಳ್ಳಬಹುದು.

ಹೊಸ ಪೈಥಾನಿನಲ್ಲಿ ಇದು ಸರಿಹೋಗಿದೆಯೇ ಎಂದರೆ ಅರ್ಧ. ಟ್ರೇಸ್‌ಬ್ಯಾಕ್ (ದೋಷದ ವರದಿ) ಚಿತ್ರಿಸುವ ಭಾಗ ಚೀನೀ, ಜಪಾನೀ ಅಗಲ ಅಕ್ಷರಗಳಿಗೆ ಎರಡೆರಡು ಮನೆ ಎಂದು ಎಣಿಸುತ್ತದೆ. ಉಳಿದ ಎಲ್ಲದಕ್ಕೂ ಒಂದೊಂದು. ಒತ್ತು, ಗುಡಿಸು, ಕೊಂಬು ಎಲ್ಲಕ್ಕೂ ಒಂದೊಂದು.

ನನ್ನ ಹಗೆ ಶುರುವಾಗುವುದು ಇಲ್ಲಿಂದ. ಟರ್ಮಿನಲ್ (ಪ್ರೋಗ್ರಾಮಿನ ಉತ್ತರ ಅಕ್ಷರಗಳಲ್ಲಿ ಕಾಣುವ ಕಿಟಕಿ) ಒಳಗೆ ಯಾವ ಸಂಕೇತಕ್ಕೆ ಮನೆ ಕೊಡಬೇಕು, ಯಾವುದಕ್ಕೆ ಬೇಡ ಎಂದು ನಿರ್ಧರಿಸಲು ಬಹಳಷ್ಟು ಕಡೆ ಯೂನಿಕೋಡಿನ ವರ್ಗೀಕರಣವನ್ನೇ ನಂಬುತ್ತಾರೆ. ಅದರಲ್ಲಿ 'ಜಾಗ ತೆಗೆದುಕೊಳ್ಳದ ಚಿಹ್ನೆ' ಎಂದು ಒಂದು ವರ್ಗ, 'ಜಾಗ ತೆಗೆದುಕೊಳ್ಳುವ ಚಿಹ್ನೆ' ಎಂದು ಇನ್ನೊಂದು. ಕನ್ನಡದ ಹ್ರಸ್ವ ಗುಡಿಸು (ಿ) ಮೊದಲ ವರ್ಗ, ಅದರ ದೀರ್ಘ (ೀ) ಎರಡನೆಯದು. ಎತ್ವ (ೆ) ಮೊದಲನೆಯದು, ಏತ್ವ (ೇ) ಎರಡನೆಯದು. ಐತ್ವ (ೈ) ಎರಡನೆಯದು, ಔತ್ವ (ೌ) ಮೊದಲನೆಯದು. ಅಂದರೆ 'ವಿ' ಒಂದು ಮನೆಯ ಬಡವ, 'ವೀ' ಎರಡು ಮನೆಯ ಸಾಹುಕಾರ. ಅಂಥ ಟರ್ಮಿನಲ್‌ನಲ್ಲಿ ನಿಮ್ಮ ಶುಬವಿವಾಹಕ್ಕೆ 7 ಮನೆ, ಬಾಣ ಜಾರುವುದು ಒಂದೇ ಮನೆ. ಅದೇ ಪ್ರೋಗ್ರಾಮು, ಅದೇ ತಪ್ಪು, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬಾಣ ಬೇರೆ ಕಡೆ. ಹಾಗಂತ ಒಂದು ಅಕ್ಷರಕ್ಕೆ ಒಂದೇ ಮನೆ ಎಂದು ಕಟ್ಟಪ್ಪಣೆ ಮಾಡೋಣವೆಂದರೆ 'ಸ್ತ್ರೀ' ನಮಗೆ ಒಂದಕ್ಷರ, ಸಂಕೇತ 6, ಅದನ್ನು ಇಂಗ್ಲಿಷಿನ ಒಂದಕ್ಷರದ ಅಗಲದೊಳಗೆ ತುರುಕಿದರೆ ಓದುವವರ ಕಣ್ಣು ಹೋಗುತ್ತದೆ.

ಹಾಗಾಗಿ ಖಾಲಿ ಜಾಗ ಎಣಿಸಿ ಕೆಳಗಿನ ಸಾಲಿನಲ್ಲಿ ಬಾಣ ಇಡುವ ಪದ್ಧತಿಯೇ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆ ಎಲ್ಲ ಒಂದೇ ಅಗಲ ಇರುವ ಟೈಪ್‌ರೈಟರ್ ಲೋಕದ ಪದ್ಧತಿ ಅದು. ಗುರುತನ್ನು ಸಾಲಿನ ಒಳಗೇ, ಪದಕ್ಕೆ ತಾಗಿಸಿ ಹಾಕಿದರೆ ಯಾವ ಫಾಂಟಿನಲ್ಲೂ ಅದು ಜಾರುವುದಿಲ್ಲ.

ಇನ್ನೊಂದು. ನಿಮ್ಮ ಪಟ್ಟಿಯಲ್ಲಿ 'ರಾಜ್‌ಕುಮಾರ್' ಥರದ ಹೆಸರಿದ್ದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಒತ್ತು ಆಗದಂತೆ ತಡೆಯಲು. ಅದನ್ನೂ ಎಣಿಸುತ್ತದೆ. ಬಾಣ ಇನ್ನೂ ಒಂದು ಮನೆ ಆಚೆ.


ಲ್ಯಾಬ್‌ಮೇಷ್ಟ್ರು:

ಅಚ್ಚುಮೊಳೆ ಸರ, ನಿಮಗ ಒಂದೂವರಿ ತಾಸು ಹೋತು ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಹುಡುಗರದು ಇಡೀ ಲ್ಯಾಬ್ ಪಿರಿಯಡ್ ಹೊಕ್ಕೈತಿ. ನಾ ಬಾಗಲಕೋಟಿ ಕಡೆ ಕಾಲೇಜಿನ್ಯಾಗ ಸಿ, ಸಿ++ ಕಲಸ್ತೀನಿ.

ನಿಮ್ಮದು ಒಂದ ಸಾಲು ಕೆಳಗ ಬಂತು. ನಮ್ಮಲ್ಲೆ ತಪ್ಪು ಒಂದು ಫೈಲಿನ್ಯಾಗ, ಎರರ್ ಇನ್ನೊಂದು ಫೈಲಿನ್ಯಾಗ. ಹೆಡರ್ ಫೈಲಿನ ಕೊನಿಗೆ ಕ್ಲಾಸ್ ಮುಗಿಸಿದ ಮ್ಯಾಲ ಸೆಮಿಕೋಲನ್ ಬಿಟ್ಟಿರ್ತಾರ. ಕಂಪೈಲರ್ ಆ ಹೆಡರ್ ಓದಿ, ಅದಕ್ಕ ಹತ್ತಿಸಿ ಮುಂದಿನ ಫೈಲ್ ಓದತೈತಿ. ಎಡವೂದು ಅಲ್ಲೆ. ಹುಡುಗ ಆ ಫೈಲ್ ತಗದು ಕುಂದರ್ತಾನ, ಅದರಾಗ ಒಂದ ತಪ್ಪೂ ಇರೂದಿಲ್ಲ. ಈಗ ಜಿಸಿಸಿ ಬಾಳ ಸುಧಾರಿಸೇತ್ರಿ. 8ನೇ ಆವೃತ್ತಿಯಿಂದ ಸೆಮಿಕೋಲನ್ ಬಿಟ್ರ ಎಡವಿದ ಜಾಗಾ ತೋರ್ಸೂದು ಬಿಟ್ಟು ಹಿಂದಿನ ಪದದ ಬಾಲಕ್ಕ ಬಂದು, ಇಲ್ಲೆ ಒಂದು ಹಾಕು ಅಂತ ಬರದು ತೋರಸ್ತೈತಿ.

ಆದರ ಪದಚ್ಛೇದ ಸರ, ನಿಮ್ಮ 3.10 ಹೊಗಳಿಕಿಗೆ ನಂದೊಂದು ತಕರಾರು. ಅದು ಊಹಾ ಮಾಡಾಕ ಶುರು ಮಾಡೇತಿ. "ಅಲ್ಪವಿರಾಮ ಮರತೀರೇನು?" ಅಂತ ಕೇಳತೈತಿ. ಹೋದ ತಿಂಗಳ ಒಬ್ಬ ಹುಡುಗಿ ಬೆಲೆ ಮತ್ತ ಸಂಖ್ಯೆ ಗುಣಿಸಿ ಪ್ರಿಂಟ್ ಮಾಡಬೇಕಾಗಿತ್ತು, ನಡುವ ಗುಣಾಕಾರದ ಚಿಹ್ನಿ ಬಿಟ್ಟಿದ್ಲು. ಪೈಥಾನ್ ಕೇಳ್ತು, ಅಲ್ಪವಿರಾಮ ಮರತೀರೇನು ಅಂತ. ಆಕಿ ಹೌದ್ರೀ ಅಂತ ಹಾಕಿದ್ಲು. ಎರರ್ ಮಾಯ! 40 ಮತ್ತ 3 ಅಂತ ಬಾಜೂಕ ಬಾಜೂಕ ಪ್ರಿಂಟ್ ಆತು. 120 ಬರಬೇಕಾಗಿತ್ತು. ಆಕಿಗೆ ಔಟ್‌ಪುಟ್ ಬಂತಲ್ಲ, ಸಾಕು, ರೆಕಾರ್ಡ್ ಬುಕ್ಕಿಗೆ ಬರಕೊಂಡ್ಲು.

ಜಾಗಾ ತಪ್ಪು ತೋರಿಸಿದ್ರ ಹುಡುಗರು ಹುಡುಕತಾರ. ಮದ್ದು ತಪ್ಪು ಹೇಳಿದ್ರ ಕುಡದಬಿಡ್ತಾರ್ರೀ.


ಪದಚ್ಛೇದ:

ಮೇಷ್ಟ್ರೇ, ಒಪ್ಪಿದೆ. ಇಲ್ಲಿ ನಿಜವಾದ ಎಳೆದಾಟ ಇದೆ. ಎಡವಿದ ಜಾಗ ಒಂದೇ ಯಂತ್ರಕ್ಕೆ ಖಾತ್ರಿಯಾಗಿ ಗೊತ್ತಿರುವುದು, ಉಳಿದದ್ದೆಲ್ಲ ಊಹೆ. ನನಗೆ ಹಿಡಿಸಿದ್ದು ರಸ್ಟ್ ಭಾಷೆಯವರು 2016ರಲ್ಲಿ ತಂದ ರೀತಿ. ಅವರು ಒಂದೇ ಬಾಣ ಇಡುವುದಿಲ್ಲ. ಎಡವಿದ ಜಾಗಕ್ಕೆ ಒಂದು ಮುಖ್ಯ ಗುರುತು, ಅದಕ್ಕೆ ಸಂಬಂಧಪಟ್ಟ ಬೇರೆ ಸಾಲುಗಳಿಗೆ ಚಿಕ್ಕ ಗುರುತು, ಪ್ರತಿಯೊಂದರ ಪಕ್ಕ ಯಾಕೆ ಎಂದು ನಾಲ್ಕು ಮಾತು. ಅಚ್ಚುಮೊಳೆಯವರ ಅಂಚಿನ ಪ್ರಶ್ನಾರ್ಥಕಕ್ಕೆ ಇದೇ ಹತ್ತಿರ.

ಅಚ್ಚುಮೊಳೆಯವರಿಗೆ ಸದ್ಯದ ಉಪಾಯ: ಪದಪಟ್ಟಿಯನ್ನು ಪ್ರೋಗ್ರಾಮಿನ ಒಳಗೆ ಇಡಬೇಡಿ. ಬೇರೆ ಒಂದು ಟೆಕ್ಸ್ಟ್ ಫೈಲಿನಲ್ಲಿ ತಪ್ಪು ಪದ, ಒಂದು ಟ್ಯಾಬ್, ಸರಿ ಪದ, ಸಾಲಿಗೊಂದು ಜೋಡಿ. ಅಲ್ಪವಿರಾಮವೂ ಬೇಡ, ಉದ್ಧರಣವೂ ಬೇಡ. ಒಳಗೇ ಇಡಬೇಕೆಂದರೆ ಕೊನೆಯ ಸಾಲಿಗೂ ಅಲ್ಪವಿರಾಮ ಹಾಕುವ ಅಭ್ಯಾಸ ಮಾಡಿಕೊಳ್ಳಿ, ಪೈಥಾನ್ ಬೇಡ ಎನ್ನುವುದಿಲ್ಲ. ನಿಮ್ಮ 46ನೇ ಸಾಲು ಮೊದಲು ಪಟ್ಟಿಯ ಕೊನೆಯ ಸಾಲಾಗಿತ್ತು ಅಂತ ನನ್ನ ಊಹೆ.


ಅಚ್ಚುಮೊಳೆ:

ಊಹೆ ಸರಿ. 46 ಕೊನೆಯ ಸಾಲೇ ಆಗಿತ್ತು. ಹೊಸ ಪದ ಅದರ ಕೆಳಗೆ ಸೇರಿಸಿದಾಗ ಅದಕ್ಕೆ ಬಾಲ ಹಚ್ಚುವುದು ಮರೆತೆ. ನೀವು ತೆರೆಯನ್ನೇ ನೋಡದೆ ಹಿಂದೆ ಹೋಗಿ ಬಂದಿರಿ ನೋಡಿ, ಇದನ್ನೇ ನಾನು ಹೇಳಿದ್ದು.

ಎಲ್ಲರೂ ಹೇಳಿದ್ದನ್ನು ಕೂತು ಮಾಡಿದೆ, ಹುಡುಗ ಫೋನಿನಲ್ಲಿದ್ದ. ಪಟ್ಟಿ ಈಗ ಬೇರೆ ಫೈಲು, 71 ಜೋಡಿ. ನಿನ್ನೆ ಲಕ್ಷ್ಮೇಶ್ವರದ ಕಡೆಯ ಒಂದು ಲಗ್ನಪತ್ರಿಕೆಯ ಮ್ಯಾಟರ್ ಹಾಕಿದೆ. ನಾಲ್ಕು ತಪ್ಪು ಹಿಡಿಯಿತು, ನಾಲ್ಕನ್ನೂ ತಾನೇ ತಿದ್ದಿತು. ಓದಿ ನೋಡಿದರೆ ಮದುಮಗಳ ಹೆಸರನ್ನೂ ತಿದ್ದಿಬಿಟ್ಟಿದೆ! ಅವರ ಮನೆಯಲ್ಲಿ ಬರೆಯುವುದೇ 'ಶುಬಾ' ಎಂದು. ಆಧಾರ್ ಕಾರ್ಡಿನಲ್ಲೂ ಹಾಗೇ ಇದೆಯಂತೆ. ನನ್ನ ಪಟ್ಟಿಯ ಶುಬ, ಶುಭ ಜೋಡಿ ಆಕೆಯ ಹೆಸರಿನೊಳಗೆ ನುಗ್ಗಿ ಶುಭಾ ಮಾಡಿತ್ತು. ಐನೂರು ಕಾರ್ಡು ಅಚ್ಚಾಗಿದ್ದರೆ ಮೇಷ್ಟ್ರು ಹೇಳಿದ ಮದ್ದನ್ನು ನಾನೇ ಕುಡಿಯಬೇಕಿತ್ತು.

ಅದಕ್ಕೆ ಈಗ ತಿದ್ದುವುದು ಬೇಡ, ಗುರುತು ಮಾತ್ರ ಹಾಕು ಎಂದು ಬದಲಿಸಿದೆವು. ಹುಡುಗ ಮೊದಲು ಏನು ಮಾಡಿದ ಗೊತ್ತೇ? ಅನುಮಾನದ ಪದದ ಕೆಳಗಿನ ಸಾಲಿನಲ್ಲಿ ಖಾಲಿ ಜಾಗ ಎಣಿಸಿ ಒಂದು ಬಾಣ. ನೋಡಿದರೆ ಶುಬಾ ಬಿಟ್ಟು ಮದುಮಗನ ತಂದೆಯ ಹೆಸರಿನ ಕೆಳಗೆ ನಿಂತಿದೆ. ಆಗ ಗುಣಿತ ಅವರ ಮಾತು ನೆನಪಾಗಿ, ಗುರುತು ಸಾಲಿನ ಒಳಗೇ ಬರಲಿ, ಖಾತ್ರಿ ಇಲ್ಲವಾದ್ದರಿಂದ ಪ್ರಶ್ನಾರ್ಥಕವೂ ಇರಲಿ ಎಂದೆ. ಈಗ ಹೀಗೆ ಬರುತ್ತಿದೆ:

ಚಿ. ಕುಂ. ಸೌ. [ಶುಬಾ?] ಇವಳ ವಿವಾಹವನ್ನು ಗುರುಹಿರಿಯರ [ಆರ್ಶಿವಾದ?]ದೊಂದಿಗೆ

ಮೊದಲನೆಯದನ್ನು ಬಿಟ್ಟೆ, ಎರಡನೆಯದನ್ನು ತಿದ್ದಿದೆ. ಅಚ್ಚಿಗೆ ಪ್ಲೇಟ್ ಹೋಗಿದೆ.